ಮಗಳಿಗೊಂದು ಪತ್ರ: ಮೊದಲು ಕಾಫಿ ಹೌಸ್‌ಗೆ ಹೋಗು

ಪ್ರೀತಿಯ ಪುಟ್ಟಿ,

ತಿರುವನಂತಪುರದಲ್ಲಿ ಊಟಕ್ಕೆ ಎಲ್ಲಿ ಹೋಗಲಿ ಅಂತ ಕೇಳಿದ್ದೀಯ. ಮೊದಲು ತಂಪಾನೂರಿನ ಇಂಡಿಯನ್ ಕಾಫಿ ಹೌಸ್‌ಗೆ ಹೋಗು. ರೈಲ್ವೆ ಸ್ಟೇಷನ್ ಹತ್ತಿರವೇ ಇಟ್ಟಿಗೆ ಬಣ್ಣದ ಗುಂಡನೆಯ ಕಟ್ಟಡ. ಕಡಿಮೆ ಖರ್ಚಿನ ಕಟ್ಟಡಗಳಿಗೆ ಹೆಸರಾದ ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಿದ್ದು.

ಒಳಗೆ ಬೇರೆ ಬೇರೆ ಮಹಡಿ ಅಂತ ಇಲ್ಲ. ಒಂದೇ ಇಳಿಜಾರು ಸುತ್ತುತ್ತಾ ಮೇಲೆ ಹೋಗುತ್ತದೆ. ಹೊರಗೋಡೆಯ ಉದ್ದಕ್ಕೂ ಅಲ್ಲೇ ಕಟ್ಟಿದ ಗಾರೆಯ ಮೇಜು, ಬೆಂಚು. ಗೋಡೆ ತುಂಬ ಸಣ್ಣ ಸಣ್ಣ ಕಿಂಡಿಗಳು. ಗಾಳಿ, ಬೆಳಕು ಎಲ್ಲ ಅವುಗಳಿಂದಲೇ. ಕಿಟಕಿಯ ಗಾಜಿನ ಖರ್ಚಿಲ್ಲ, ಕುರ್ಚಿಯ ಖರ್ಚೂ ಇಲ್ಲ.

ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂನಲ್ಲೂ ಇಂಥದ್ದೇ ಸುತ್ತು ಇಳಿಜಾರಿದೆ. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರದು, 1959ರಲ್ಲಿ ತೆರೆದದ್ದು. ಅಲ್ಲಿ ಜನ ಚಿತ್ರ ನೋಡುತ್ತಾ ನಡೆಯುತ್ತಾರೆ. ಇಲ್ಲಿ ಸಪ್ಲೈಯರ್ ಕಟ್ಲೆಟ್ ಹಿಡಿದು ಹತ್ತುತ್ತಾರೆ. ಅಷ್ಟು ದೊಡ್ಡ ಯೋಚನೆಯನ್ನು ಹಸಿದು ಬಸ್ಸಿಗೆ ಕಾಯುವವರಿಗೂ ಸಿಗುವ ಹಾಗೆ ಮಾಡಿದರಲ್ಲ, ಅದಕ್ಕೇ ನನಗೆ ಬೇಕರ್ ಅಂದರೆ ಪ್ರೀತಿ.

ಇಲ್ಲಿ ಬೆಂಗಳೂರಿನಲ್ಲಿ ನೋಡು, ಹೊಸ ಹೋಟೆಲ್ ಅಂದರೆ ಗಾಜಿನ ಗೋಡೆ. ಬಿಸಿಲನ್ನು ಒಳಗೆ ಬಿಟ್ಟುಕೊಂಡು, ಆಮೇಲೆ ಎಸಿ ಹಾಕಿ ಓಡಿಸುವುದು. ಆ ಕರೆಂಟ್ ಬಿಲ್ಲು ಕೊನೆಗೆ ನಮ್ಮ ದೋಸೆಯ ಮೇಲೇ ಬೀಳುತ್ತದೆ, ಅಲ್ವಾ? ಬೇಡದ್ದನ್ನು ಧೈರ್ಯವಾಗಿ ಕೈಬಿಡುವುದೇ ನನ್ನ ಪ್ರಕಾರ ಆಧುನಿಕ ಕಟ್ಟಡ.

ಆ ಏರು ಹತ್ತಿ ಇಳಿಯುವುದು ಸಪ್ಲೈಯರ್‌ಗಳಿಗೆ ಖಂಡಿತ ಕಷ್ಟ. ಅವರ ಜೊತೆ ಮರ್ಯಾದೆಯಿಂದ ಮಾತಾಡು. 1950ರ ದಶಕದಲ್ಲಿ ಸರ್ಕಾರದ ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ, ಕೆಲಸ ಕಳೆದುಕೊಂಡವರು ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ 1957ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿತು. ನಾವು ಚರ್ಚ್ ಸ್ಟ್ರೀಟಿನಲ್ಲಿ ಕಾಫಿ ಕುಡಿಯುತ್ತಿದ್ದೆವಲ್ಲ, ಅದು ಆ ಸಂಘದ್ದೇ. ಕೆಲಸಗಾರರೇ ನಡೆಸುವ ಹೋಟೆಲ್‌ಗೆ ಇಂಥ ಕಟ್ಟಡ ಸಿಕ್ಕಿದ್ದು ನನಗೆ ತುಂಬಾ ಸಂತೋಷದ ವಿಷಯ.

ಮಸಾಲೆ ದೋಸೆ ಹೇಳಿದರೆ ಪಲ್ಯದಲ್ಲಿ ಬೀಟ್‌ರೂಟ್ ಇರುತ್ತದೆ, ಕೆಂಪಗಿದೆ ಅಂತ ಗಾಬರಿ ಬೇಡ. ಮೇಲಿನ ಸುತ್ತಿನಲ್ಲಿ ಕೂತು, ಮಧ್ಯಾಹ್ನ ಸೆಖೆ ಎಷ್ಟಿರುತ್ತದೆ ಅಂತ ನೋಡಿ ಬರಿ. ಅಪ್ಪನಿಗೆ ಮಂಡಿ ನೋವು ಜಾಸ್ತಿಯಾಗಿದೆ. ನಾವು ಬಂದಾಗ ಕೆಳಗಿನ ಸುತ್ತಿನಲ್ಲೇ ಕೂರೋಣ.

ನಿನ್ನ
ಅಮ್ಮ