ಹೊಡೆದು ಹಾಕಿದ ಆ ಒಂದು ಸಾಲು

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿ ನಾಲ್ಕು ದಿನಗಳಾದವು. ಸ್ತನದ ಗಂಟು ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ತಿಳಿದದ್ದು, ಡಾಕ್ಟರು ಹೇಳಿದ್ದು ಎಲ್ಲವೂ ನಿನ್ನ ಅಮ್ಮನಿಂದ ಆಗಲೇ ತಿಳಿದಿರುವುದರಿಂದ ಅದನ್ನು ಮತ್ತೆ ಎತ್ತುವುದಿಲ್ಲ. ನನ್ನನ್ನು ಕಾಡುತ್ತಿರುವುದು ಎರಡನೆಯ ಪುಟದ ಕೊನೆಯಲ್ಲಿ ನೀನು ಬರೆದು ಹೊಡೆದು ಹಾಕಿದ ಸಾಲು. ಪೆನ್ನನ್ನು ಎಷ್ಟು ಒತ್ತಿ ಎಳೆದಿದ್ದೀಯೆಂದರೆ ಹಾಳೆಯ ಹಿಂಬದಿಯಲ್ಲಿ ಗೆರೆಗಳು ಬೆರಳಿಗೆ ತಗಲುತ್ತವೆ. ಆದರೂ ಬೆಳಕಿಗೆ ಹಿಡಿದಾಗ ಅಕ್ಷರಗಳು ಕಂಡವು. “ಎದೆ ಉಳಿಸಿಕೊಳ್ಳುವ ಆಸೆಗೆ ಬಿದ್ದು ಜೀವವನ್ನೇ ಕಳೆದುಕೊಂಡರೆ ಮಕ್ಕಳಿಗೆ ಏನೆಂದು ಉತ್ತರ ಹೇಳಲಿ?”

ಈ ಮಾತು ನಿನ್ನಲ್ಲಿ ಎಲ್ಲಿಂದ ಹುಟ್ಟಿತೆಂದು ನನಗೆ ಗೊತ್ತು. 1991ರಲ್ಲಿ ಇದೇ ಕಾಯಿಲೆಗೆ ನನಗೆ ಸ್ತನ ತೆಗೆಯುವ ಆಪರೇಷನ್ ಆದಾಗ ನೀನು 8 ವರ್ಷದವಳು. ನೋಡಲು ಬಂದವರಿಗೆಲ್ಲ ನಾನು “ಹೋದರೆ ಹೋಯಿತು, ಜೀವ ಉಳಿಯಿತಲ್ಲ, ಇನ್ನು ಅಂದಚಂದ ಕಟ್ಟಿಕೊಂಡು ಏನಾಗಬೇಕು” ಎಂದು ನಗುತ್ತಾ ಹೇಳುತ್ತಿದ್ದುದನ್ನು ನೀನು ಮಂಚದ ಪಕ್ಕದಲ್ಲೇ ಕುಳಿತು ಕೇಳಿಸಿಕೊಳ್ಳುತ್ತಿದ್ದೆ. ಅದನ್ನು ಮನೆಯವರು ಧೈರ್ಯವೆಂದು ಇಂದಿಗೂ ಹೊಗಳುತ್ತಾರೆ. ಆಗ ನನಗಿದ್ದದ್ದು ಹೆಚ್ಚುಕಡಿಮೆ ಇಂದಿನ ನಿನ್ನ ವಯಸ್ಸೇ. ರವಿಕೆಯೊಳಗೆ ಇಟ್ಟುಕೊಳ್ಳಲು ಹಳೆಯ ಬಟ್ಟೆಯಲ್ಲಿ ಹತ್ತಿ ತುಂಬಿ ನಾನೇ ಒಂದು ದಿಂಬು ಹೊಲಿದುಕೊಂಡಿದ್ದೆ. ಹತ್ತಿ ಹಗುರವಾದ್ದರಿಂದ ಕೈ ಎತ್ತಿದಾಗಲೆಲ್ಲ ಅದು ಕೊರಳಿನತ್ತ ಜರುಗುತ್ತಿತ್ತು, ಯಾರೂ ಕಾಣದಂತೆ ಅದನ್ನು ಕೆಳಕ್ಕೆ ಎಳೆದುಕೊಳ್ಳುವುದು ಎಷ್ಟು ರೂಢಿಯಾಯಿತೆಂದರೆ ಮನೆಯಲ್ಲಿ ಒಬ್ಬಳೇ ಇದ್ದಾಗಲೂ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಇದನ್ನು ನಿನ್ನ ದೊಡ್ಡಪ್ಪನಿಗೂ ಹೇಳಿರಲಿಲ್ಲ.

ಆದ್ದರಿಂದ ನಿನ್ನ ಭಯದ ವಿಷಯಕ್ಕೆ ಬರುತ್ತೇನೆ. ಹೆಚ್ಚು ಕತ್ತರಿಸಿದಷ್ಟೂ ಜೀವ ಭದ್ರ ಎನ್ನುವುದು ಬಹಳ ಹಳೆಯ ನಂಬಿಕೆ. 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯರು ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದುಬಿಡುವ ಕ್ರಮವನ್ನು ರೂಢಿಗೆ ತಂದರು, ಮುಂದೆ ಹಲವು ದಶಕಗಳ ಕಾಲ ಅದೇ ನಡೆಯಿತು. ಅದನ್ನು ಪರೀಕ್ಷೆಗೆ ಒಡ್ಡಿದ್ದು 1970ರ ದಶಕದಲ್ಲಿ. ಇಟಲಿಯ ಮಿಲಾನ್‌ನಲ್ಲಿ ವೆರೊನೇಸಿ ಎಂಬ ಶಸ್ತ್ರವೈದ್ಯರು 2 ಸೆಂಟಿಮೀಟರಿಗಿಂತ ದೊಡ್ಡದಲ್ಲದ ಗಂಟಿದ್ದ 701 ಹೆಂಗಸರಲ್ಲಿ ಕೆಲವರಿಗೆ ಹಾಲ್‌ಸ್ಟೆಡ್ ಕ್ರಮದ ಆಪರೇಷನ್ ಮಾಡಿದರು, ಉಳಿದವರಿಗೆ ಸ್ತನದ ಕಾಲುಭಾಗವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದು ರೇಡಿಯೇಷನ್ ಕೊಟ್ಟರು. ಅಮೆರಿಕದಲ್ಲಿ ಫಿಶರ್ ಎಂಬ ಶಸ್ತ್ರವೈದ್ಯರು ಗಂಟನ್ನಷ್ಟೇ ತೆಗೆಯುವುದನ್ನು ಇಡೀ ಸ್ತನ ತೆಗೆಯುವುದರೊಡನೆ ಹೋಲಿಸಿ ನೋಡಿದರು. 20 ವರ್ಷಗಳ ಲೆಕ್ಕ 2002ರಲ್ಲಿ ಪ್ರಕಟವಾದಾಗ, ಎರಡೂ ಕಡೆ, ಉಳಿಸಿಕೊಂಡವರೂ ಕಳೆದುಕೊಂಡವರೂ ಬದುಕಿದ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಪ್ರಾಣಕ್ಕೆ ಎರವಾಗುವುದು ರಕ್ತದ ಮೂಲಕ ಬೇರೆ ಅಂಗಗಳಿಗೆ ಹೋಗಿ ಕುಳಿತ ಕ್ಯಾನ್ಸರ್ ಕಣ. ಎದೆಯನ್ನು ಇನ್ನಷ್ಟು ಅಗಲವಾಗಿ ಕೊಯ್ದರೆ ಅದು ಕೈಗೆ ಸಿಗುವುದಿಲ್ಲ.

ಆದರೆ ಉಳಿಸಿಕೊಂಡ ಸ್ತನದಲ್ಲಿ ಕ್ಯಾನ್ಸರ್ ಮರಳಿ ಬಂದರೆ ಎಂದು ನೀನು ಕೇಳುತ್ತೀಯೆ. ಬರಬಹುದು, ಸುಳ್ಳು ಹೇಳಲಾರೆ. ಫಿಶರ್ ಅವರ ಲೆಕ್ಕದಲ್ಲಿ, ಗಂಟು ತೆಗೆಸಿ ರೇಡಿಯೇಷನ್ ಪಡೆಯದ 100 ಜನರಲ್ಲಿ ಸುಮಾರು 39 ಮಂದಿಗೆ 20 ವರ್ಷಗಳೊಳಗೆ ಅದೇ ಸ್ತನದಲ್ಲಿ ಮರುಕಳಿಸಿತು. ಪಡೆದವರಲ್ಲಿ ಸುಮಾರು 14 ಮಂದಿಗೆ. ಆದ್ದರಿಂದ ರೇಡಿಯೇಷನ್ ಬೇಕೆಂದು ನಿನ್ನ ಡಾಕ್ಟರು ಹೇಳಿದರೆ ಬೇಸರಪಟ್ಟು ನಡುವೆ ಬಿಡಬೇಡ. ಹಿಂದೆ 5 ವಾರ ಹಿಡಿಯುತ್ತಿದ್ದದ್ದು ಈಗ ಅನೇಕರಿಗೆ 3 ವಾರಗಳಲ್ಲಿ ಮುಗಿಯುತ್ತದೆ. ಪೂರ್ತಿ ತೆಗೆಸಿಕೊಂಡವರಿಗೂ ಎದೆಗೋಡೆಯ ಮೇಲೆ ಮರಳಿ ಬರುವುದುಂಟು ಎಂಬುದನ್ನು ನನಗೆ ಆಗ ಯಾರೂ ಹೇಳಿರಲಿಲ್ಲ, ಹಾಗಾಗಿ ನಾನು ನಿಶ್ಚಿಂತೆಯಿಂದ ಇದ್ದೆ.

ಮಿಲಾನ್‌ನ ಮೊದಲ ಫಲಿತಾಂಶ ಹೊರಬಂದದ್ದು 1981ರಲ್ಲಿ, ನನ್ನ ಆಪರೇಷನ್‌ಗೆ 10 ವರ್ಷ ಮೊದಲು. ಇದನ್ನು ನಾನು ಓದಿ ತಿಳಿದದ್ದು ನಿವೃತ್ತಿಯ ನಂತರ. ಆ ದಿನ ಪೆಟ್ಟಿಗೆಯಿಂದ ಹಳೆಯ ವರದಿ ತೆಗೆದು ನೋಡಿದೆ: ಗಂಟಿನ ಅಳತೆ 1.8 ಸೆಂಟಿಮೀಟರ್. ಕೇಳಿದ್ದರೆ ಉಳಿಯುತ್ತಿತ್ತೋ ಇಲ್ಲವೋ, ಆ ಡಾಕ್ಟರಿಗೆ ಬೇರೆ ಕಾರಣಗಳಿದ್ದಿರಬಹುದು. ನಾನು ಕೇಳಲೇ ಇಲ್ಲ, ಕಾಗದವನ್ನು ಓದದೆ ಸಹಿ ಹಾಕಿದೆ. ಕೇಳಿದರೆ ಸೊಕ್ಕಿನವಳು ಎಂದುಕೊಂಡಾರೆಂಬ ನಾಚಿಕೆ. ನೀನು ಸಾಲು ಹೊಡೆದು ಹಾಕಿದ್ದೂ ಅದೇ ನಾಚಿಕೆಯಿಂದಲೇ ಎಂದು ನನಗೆ ಅನ್ನಿಸುತ್ತದೆ.

ಈಗಿನವರು ಗಂಟನ್ನು ತೆಗೆದು ಹಾಗೆಯೇ ಹೊಲಿದುಬಿಡುವುದಿಲ್ಲವಂತೆ. ಉಳಿದ ಸ್ತನದ ಭಾಗವನ್ನೇ ಸರಿಸಿ ಕುಳಿಯನ್ನು ತುಂಬುತ್ತಾರೆ, ಮೊಲೆತೊಟ್ಟು ಒಂದು ಬದಿಗೆ ಎಳೆದುಕೊಳ್ಳದಂತೆ ಮತ್ತೆ ನಡುವಿಗೆ ತರುತ್ತಾರೆ, ಬೇಕಾದರೆ ಇನ್ನೊಂದು ಬದಿಯನ್ನೂ ಚಿಕ್ಕದು ಮಾಡಿ ಸರಿಹೊಂದಿಸುತ್ತಾರೆ. ತೆಗೆದ ತುಂಡಿನ ಅಂಚಿಗೆ ಲ್ಯಾಬ್‌ನಲ್ಲಿ ಶಾಯಿ ಬಳಿದು, ಶಾಯಿಯಿರುವಲ್ಲಿ ಕ್ಯಾನ್ಸರ್ ಕಣ ಕಂಡರೆ ಮತ್ತೆ ಸ್ವಲ್ಪ ತೆಗೆಯಬೇಕಾಗುತ್ತದೆ. ಎರಡನೆಯ ಸಲ ಕರೆದರೆ ಆಸೆಪಟ್ಟದ್ದಕ್ಕೆ ಶಿಕ್ಷೆಯೆಂದು ತಿಳಿಯಬೇಡ. ಮೊದಲಿನಂತೆಯೇ ಇರುತ್ತದೆ ಎಂದೂ ಎಣಿಸಬೇಡ. ರೇಡಿಯೇಷನ್ ಆದ ಮೇಲೆ ಸ್ವಲ್ಪ ಗಟ್ಟಿಯಾಗಬಹುದು, ಕುಗ್ಗಬಹುದು, ಅಲ್ಲಲ್ಲಿ ಸ್ಪರ್ಶ ತಿಳಿಯದಿರಬಹುದು.

ಇನ್ನು ಹೇಳುವುದು ಅಧಿಕಪ್ರಸಂಗವೆನಿಸಿದರೆ ಕ್ಷಮಿಸು, ನಾನು ಡಾಕ್ಟರಲ್ಲ. ಗಾಯದ ಕಲೆ ಎಲ್ಲಿ ಬರುತ್ತದೆಂದು ಗುರುತು ಹಾಕಿ ತೋರಿಸಲು ಕೇಳು. ಗಂಟು ದೊಡ್ಡದೆಂದರೆ ಮೊದಲು ಕಿಮೋ ಕೊಟ್ಟು ಕುಗ್ಗಿಸಲು ಸಾಧ್ಯವೇ ಎಂದೂ ಕೇಳಬಹುದು. ಸ್ತನದ ಬೇರೆ ಬೇರೆ ಕಡೆಗಳಲ್ಲಿ ಹರಡಿದ್ದು ಪೂರ್ತಿ ತೆಗೆಯಲೇಬೇಕೆಂದರೆ, ಚರ್ಮವನ್ನು ಉಳಿಸಿಕೊಂಡು ಒಳಗೆ ಹೊಸದಾಗಿ ಆಕಾರ ಕಟ್ಟುವ ದಾರಿಯೂ ಇದೆ. ಅದನ್ನು ಕೇಳಲೂ ಸಂಕೋಚಪಡಬೇಡ. ಆಪರೇಷನ್ ಆದ ಮೇಲೆ ಅವರು ಹೇಳಿಕೊಡುವ ತೋಳಿನ ವ್ಯಾಯಾಮವನ್ನು ತಪ್ಪದೆ ಮಾಡು; ನಾನು ಮಾಡದೆ ಈ ಭುಜ ಇಂದಿಗೂ ಪೂರ್ತಿ ಮೇಲೇಳುವುದಿಲ್ಲ.

ಆ ಸಾಲನ್ನು ಬೇರೆ ಹಾಳೆಯಲ್ಲಿ ಚೆನ್ನಾಗಿ ಬರೆದುಕೊಂಡು ಡಾಕ್ಟರ ಮುಂದೆ ಓದು. ಗುರುವಾರ ನಾನೂ ಜೊತೆಗೆ ಬರುತ್ತೇನೆ, ನಿನಗೆ ಗಂಟಲು ಕಟ್ಟಿದರೆ ನಾನು ಓದುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ