ಅಗಸ್ತ್ಯನ ಪಕ್ಕದ ಚುಕ್ಕಿ

ಪರನಾಲ್, ಚಿಲಿ
ಡಿಸೆಂಬರ್ ಕೊನೆಯ ವಾರ

ತೀರ್ಥರೂಪ ಅಪ್ಪನವರಿಗೆ, ಅಮ್ಮನಿಗೆ ನಮಸ್ಕಾರಗಳು.

ನಾನು ಕ್ಷೇಮ. ಮೊನ್ನೆ ಫೋನಿನಲ್ಲಿ ಅಪ್ಪ ಎರಡು ಪ್ರಶ್ನೆ ಕೇಳಿದ್ದರು. ನಾವಿಲ್ಲಿ ನೋಡುತ್ತಿರುವ, ದೂರದ ನಕ್ಷತ್ರವೊಂದನ್ನು ಸುತ್ತುವ ಗ್ರಹ ಕಣ್ಣಿಗೆ ಕಂಡಿತಾ ಅಂತ ಒಂದು. ಹೊಸಕೋಟೆಯಲ್ಲಿ ಕುರ್ಚಿ ಮೇಲೆ ಕೂತೇ ಲಡಾಖಿನ ಹಾನ್ಲೆ ದೂರದರ್ಶಕ ನಡೆಸುತ್ತಾರಂತೆ, ನೀನು ಭೂಮಿಯ ಆ ಬದಿಗೆ ಯಾಕೆ ಹೋಗಬೇಕಿತ್ತು ಅಂತ ಇನ್ನೊಂದು.

ಎರಡನೆಯದು ಸುಲಭ. ಹಾನ್ಲೆಯ ಕನ್ನಡಿಯ ಅಗಲ 2 ಮೀಟರ್. ಇಲ್ಲಿ ಪರನಾಲ್ ವೀಕ್ಷಣಾಲಯದಲ್ಲಿ 8.2 ಮೀಟರಿನವು ನಾಲ್ಕಿವೆ. ಒಂದೊಂದು ಕನ್ನಡಿಯೂ 23 ಟನ್ ತೂಕ, ದಪ್ಪ ಮಾತ್ರ ಒಂದು ಗೇಣಿಗೂ ಕಡಿಮೆ. ಅದಕ್ಕಿಂತ ಮುಖ್ಯವಾಗಿ ಆ ಗ್ರಹದ ನಕ್ಷತ್ರ ಬೀಟಾ ಪಿಕ್ಟೋರಿಸ್ ದಕ್ಷಿಣ ಆಕಾಶದ್ದು. ಹಾನ್ಲೆಯಿಂದ ನೋಡಿದರೆ ಅದು ದಿಗಂತದಲ್ಲೇ ತೆವಳುತ್ತದೆ. ಇಲ್ಲಿ ಮಧ್ಯರಾತ್ರಿಯ ಹೊತ್ತಿಗೆ ಎತ್ತರಕ್ಕೆ ಏರುತ್ತದೆ. 2,635 ಮೀಟರ್ ಎತ್ತರದ ಗುಡ್ಡ, ಸುತ್ತ ಅಟಕಾಮ ಮರುಭೂಮಿ, ಹುಲ್ಲುಕಡ್ಡಿ ಕೂಡ ಇಲ್ಲ. ಮೋಡವೆಲ್ಲ ಪೆಸಿಫಿಕ್ ಸಮುದ್ರದ ಮೇಲೆ ನಮಗಿಂತ ಕೆಳಗೇ ಉಳಿಯುತ್ತದೆ. ಕುರ್ಚಿ ಅಂತೂ ಇಲ್ಲೂ ಇದೆ! ದೂರದರ್ಶಕಕ್ಕೆ ಯಾರೂ ಕಣ್ಣಿಡುವುದಿಲ್ಲ; ಕಂಟ್ರೋಲ್ ರೂಮಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಬೆಳಗು ಮಾಡುತ್ತೇವೆ.

ಇನ್ನು ಗ್ರಹ ಕಂಡಿತಾ ಅಂದರೆ, ಕಾಣಲಿಲ್ಲ, ಉಳಿಯಿತು ಅನ್ನಬೇಕು. ನಮ್ಮ ಕೆಲಸವೆಲ್ಲ ನಕ್ಷತ್ರದ ಬೆಳಕನ್ನು ಕಳೆಯುವುದು. ಕಳೆದು ಕಳೆದು ಕೊನೆಗೆ ಏನು ಉಳಿಯಿತೋ ಅದು ಗ್ರಹ. ನಕ್ಷತ್ರ ಅದಕ್ಕಿಂತ ಸಾವಿರಾರು ಪಟ್ಟು ಪ್ರಖರ. ಎರಡರ ನಡುವಿನ ಅಂತರವೋ, ಹತ್ತು ಕಿಲೋಮೀಟರ್ ಆಚೆ ಹಿಡಿದ ರೂಪಾಯಿ ನಾಣ್ಯದಷ್ಟು.

ಮೊದಲ ತೊಂದರೆ ಗಾಳಿ. ನಕ್ಷತ್ರ ಮಿನುಗುವುದು ನಿಮಗೆ ಚೆಂದ, ನಮಗೆ ಶಾಪ. ಸ್ಫಿಯರ್ ಎಂಬ ಉಪಕರಣದೊಳಗೆ ಬಾಗುವ ಒಂದು ಪುಟ್ಟ ಕನ್ನಡಿ ಇದೆ. ಗಾಳಿಯಿಂದ ಬೆಳಕು ಹೇಗೆ ಡೊಂಕಾಯಿತೆಂದು ಆ ನಕ್ಷತ್ರವನ್ನೇ ನೋಡಿ ಅಳೆದು, ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಕನ್ನಡಿ ಅದಕ್ಕೆ ಎದುರಾಗಿ ಬಾಗುತ್ತದೆ. ಹತ್ತಿರ ಪ್ರಖರ ನಕ್ಷತ್ರ ಇಲ್ಲದ ಕಡೆ ನೋಡುವವರಿಗಾಗಿ ಪಕ್ಕದ ಯೆಪುನ್ ದೂರದರ್ಶಕದಿಂದ ಕಿತ್ತಳೆ ಬಣ್ಣದ ನಾಲ್ಕು ಲೇಸರ್ ಮೇಲಕ್ಕೆ ಹೋಗುತ್ತವೆ. 90 ಕಿಲೋಮೀಟರ್ ಎತ್ತರದ ಸೋಡಿಯಂ ಪದರ ಹೊಳೆದು ಕೃತಕ ನಕ್ಷತ್ರವಾಗುತ್ತದೆ. ಅಮ್ಮ ನೋಡಿದ್ದರೆ ಕೈ ಮುಗಿಯುತ್ತಿದ್ದಳು.

ಆಮೇಲೆ ನಕ್ಷತ್ರದ ಮೇಲೆ ಒಂದು ಮರೆ ಇಡುತ್ತೇವೆ, ಕೊರೊನಾಗ್ರಾಫ್ ಅಂತ. ಅಷ್ಟಾದರೂ ಸುತ್ತ ಸುಳ್ಳು ಚುಕ್ಕಿಗಳು ಉಳಿಯುತ್ತವೆ. ಒಂದೊಂದೂ ಥೇಟ್ ಗ್ರಹದ ಹಾಗೇ. ಇಲ್ಲಿ ಒಂದು ಉಪಾಯವಿದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಭೂಮಿ ತಿರುಗುವುದರಿಂದ ರಾತ್ರಿ ಕಳೆದಂತೆ ಕ್ಯಾಮೆರಾದಲ್ಲಿ ಆಕಾಶದ ಚಿತ್ರವೂ ತಿರುಗುತ್ತದೆ. ಸಾಮಾನ್ಯವಾಗಿ ಅದನ್ನು ಯಂತ್ರದಿಂದ ಸರಿಮಾಡುತ್ತಾರೆ. ನಾವು ಬೇಕಂತಲೇ ತಿರುಗಲು ಬಿಡುತ್ತೇವೆ. ಸುಳ್ಳು ಚುಕ್ಕಿಗಳು ಹುಟ್ಟುವುದು ದೂರದರ್ಶಕದೊಳಗೆ, ಆದ್ದರಿಂದ ಇದ್ದಲ್ಲೇ ಇರುತ್ತವೆ. ಗ್ರಹ ಆಕಾಶದ್ದು, ಅದು ಸರಿಯುತ್ತದೆ. ಕದಲದೆ ಕೂತದ್ದನ್ನೆಲ್ಲ ಲೆಕ್ಕ ಹಾಕಿ ಕಳೆದು, ಉಳಿದ ಚಿತ್ರಗಳನ್ನು ತಿರುಗಿಸಿ ಒಂದರ ಮೇಲೊಂದು ಕೂಡಿಸಿದರೆ ಒಂದೇ ಒಂದು ಚುಕ್ಕಿ. ಅಷ್ಟೆ. ಪತ್ರಿಕೆಯಲ್ಲಿ ಮೋಡ, ಪಟ್ಟೆ, ಬಣ್ಣ ಎಲ್ಲ ಹಾಕಿ ಅಚ್ಚು ಮಾಡುತ್ತಾರಲ್ಲ, ಅದು ಕಲಾವಿದರು ಬರೆದ ಚಿತ್ರ. ಹಾಗಂತ ದಪ್ಪ ಅಕ್ಷರದಲ್ಲಿ ಯಾಕೆ ಹಾಕುವುದಿಲ್ಲವೋ!

ಆದರೆ ಆ ಚುಕ್ಕಿಯಿಂದ ಎಷ್ಟು ತಿಳಿದಿದೆ ನೋಡಿ. ಫ್ರಾನ್ಸಿನ ಖಗೋಳ ವಿಜ್ಞಾನಿ ಆನ್-ಮಾರಿ ಲಗ್ರಾಂಜ್ ಅವರ ತಂಡ 2003ರ ಚಿತ್ರಗಳಲ್ಲಿ ಅದನ್ನು ಗುರುತಿಸಿತು. ಮುಂದೆ ಗ್ರಹ ನಕ್ಷತ್ರದ ಪ್ರಭೆಯಲ್ಲಿ ಮರೆಯಾಯಿತು, 2009ರಲ್ಲಿ ಇನ್ನೊಂದು ಬದಿಯಲ್ಲಿ ಸಿಕ್ಕಿತು. ಮತ್ತೆ ಮರೆಯಾಗಿ 2018ರಲ್ಲಿ ಹೊರಬಂತು. ಒಂದು ಸುತ್ತಿಗೆ ಇಪ್ಪತ್ತು ಚಿಲ್ಲರೆ ವರ್ಷ. 2014ರಲ್ಲಿ ಇದೇ ಗುಡ್ಡದ ಮೇಲಿನ ರೋಹಿತದರ್ಶಕದಿಂದ ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿ, ತನ್ನ ಸುತ್ತ ಅದು ಸೆಕೆಂಡಿಗೆ 25 ಕಿಲೋಮೀಟರ್ ವೇಗದಲ್ಲಿ ತಿರುಗುತ್ತದೆ ಎಂದು ಕಂಡುಕೊಂಡರು. ಅಲ್ಲಿಯ ಹಗಲು ರಾತ್ರಿ ಸೇರಿ ಸುಮಾರು ಎಂಟು ಗಂಟೆ!

ಇಲ್ಲಿ ನಾನು ಪಾಳಿಗೆ ಕೂರುವಾಗ ಅಮ್ಮ ಅಂಗಳಕ್ಕೆ ನೀರು ಹಾಕುತ್ತಿರುತ್ತಾಳೆ. ಬೆಳಗ್ಗೆ ಮಲಗುವುದು ಅರ್ಧ ನೆಲದೊಳಗಿರುವ ವಸತಿಯಲ್ಲಿ. ಸಂಜೆಯಾದರೆ ಕಿಟಕಿಗಳೆಲ್ಲ ಮುಚ್ಚಬೇಕು, ಒಂದೆಳೆ ಬೆಳಕೂ ಹೊರಗೆ ಹೋಗಬಾರದು. ಒಣಹವೆಗೆ ತುಟಿ ಒಡೆದಿದೆ. ಅಮ್ಮ ಕಟ್ಟಿಕೊಟ್ಟ ಕೊಬ್ಬರಿ ಎಣ್ಣೆಯನ್ನು ಅರ್ಧ ನಮ್ಮ ತಂಡದವರೇ ಖಾಲಿ ಮಾಡಿದರು.

ಅಪ್ಪ, ಫೆಬ್ರವರಿಯಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ಕೆರೆ ಏರಿಗೆ ಹೋಗಿ ದಕ್ಷಿಣಕ್ಕೆ ನೋಡಿ. ಮನೆಯ ಹತ್ತಿರ ಅಡಿಕೆ ಮರ ಅಡ್ಡ ಬರುತ್ತದೆ. ಪ್ರಖರವಾಗಿ ಕಾಣುವುದು ಅಗಸ್ತ್ಯ ನಕ್ಷತ್ರ. ಕೈ ಚಾಚಿ ಮೂರು ಬೆರಳು ಅಡ್ಡ ಹಿಡಿದಷ್ಟು ಬಲಕ್ಕೆ, ತುಸು ಮೇಲೆ, ಮಂಕಾದ ಒಂದು ಚುಕ್ಕಿ ಇದೆ. ಅದೇ ಬೀಟಾ ಪಿಕ್ಟೋರಿಸ್. ಬೆಳಕು ಅಲ್ಲಿಂದ ಬರಲು 63 ವರ್ಷ. ನೀವು ನೋಡುವುದು ನೀವು ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಿದ್ದಾಗ ಹೊರಟದ್ದು. ಟಾರ್ಚ್ ಒಯ್ಯಿರಿ, ಏರಿ ಮೇಲೆ ಹಾವು ಇರುತ್ತವೆ. ಆದರೆ ನೋಡುವಾಗ ಆರಿಸಿ.

ಅಡಿಕೆ ಸುಲಿಯಲು ಜನ ಸಿಕ್ಕಿದರೋ ಇಲ್ಲವೋ, ಬರೆಯಿರಿ.

ನಿಮ್ಮ ಮಗ