ಅಜ್ಜಿಯ ಬದುಕು ಬರೆಯುವುದಾದರೆ ತವರಿನಿಂದ ಶುರುಮಾಡು

ಹಾಸನ

ಪ್ರೀತಿಯ ಗೆಳೆಯಾ,

ಅಜ್ಜಿ ಹೋದ ಸುದ್ದಿ ತಿಳಿದು ಮನಸ್ಸು ಭಾರವಾಯಿತು. ತುಂಬು ಬಾಳು ಬಾಳಿದ ಜೀವ ಅಂತ ಎಲ್ಲರೂ ಸಮಾಧಾನ ಹೇಳಿರುತ್ತಾರೆ. ಅದು ನಿಜವೇ ಆದರೂ ಸಂಕಟ ಅದರಿಂದ ಕಡಿಮೆಯಾಗುವುದಿಲ್ಲ.

ವರ್ಷದ ತಿಥಿಯೊಳಗೆ ಅವರ ಬದುಕು, ಬಳಗ ಎರಡನ್ನೂ ಬರೆದು ಪುಸ್ತಿಕೆ ಮಾಡಬೇಕು ಅಂದಿದ್ದೀಯ. ಖಂಡಿತ ಮಾಡು. ಆದರೆ ಮೂಡಿಗೆರೆ ಮನೆಯ ಕಾಗದಪತ್ರದಿಂದ ಶುರುಮಾಡಬೇಡ, ಅಲ್ಲಿ ಸಿಗುವುದು ನಿನ್ನ ತಾತನ ಬದುಕು. ಕಂದಾಯದ ರಸೀದಿಯಲ್ಲಿ ಅಜ್ಜಿಯ ಹೆಸರೇ ಇರುವುದಿಲ್ಲ, ಮತದಾರರ ಪಟ್ಟಿಯಲ್ಲಿ ಇದ್ದರೂ ಜೊತೆಗೆ ಗಂಡನ ಹೆಸರು. ಅವರನ್ನು ಹುಡುಕಬೇಕಾದ್ದು ಆಲೂರು ಕಡೆಯ ತವರಿನಲ್ಲಿ, ಇನ್ನೂ ಉಳಿದಿರುವ ತಂಗಿ, ನಾದಿನಿ, ವಾರಗಿತ್ತಿಯರ ಬಾಯಲ್ಲಿ.

ಮೊದಲು ಚಿಕ್ಕಜ್ಜಿ ಹತ್ತಿರ ಹೋಗು. ಬೆಳಗಿನ ತಿಂಡಿ ಆದ ಮೇಲೆ ಕೂತರೆ ಒಳ್ಳೆಯದು, ಸಂಜೆಗೆ ದಣಿದಿರುತ್ತಾರೆ. ಒಂದು ಸಲಕ್ಕೆ ಒಂದು ಗಂಟೆ ಸಾಕು. ಕೇಳಿಯೇ ರೆಕಾರ್ಡ್ ಮಾಡು. ಜೋರು ಮಳೆಯ ದಿನ ಬೇಡ, ಹೆಂಚಿನ ಮೇಲೆ ಬೀಳುವ ನೀರಿನ ಸದ್ದಿಗೆ ಮಾತು ಮುಳುಗಿಹೋಗುತ್ತದೆ. 'ಅಜ್ಜಿ ಬಗ್ಗೆ ಹೇಳಿ' ಅಂದರೆ 'ಬಹಳ ಒಳ್ಳೆಯವಳು ಕಣಪ್ಪ' ಅಂತ ಅಲ್ಲಿಗೇ ನಿಲ್ಲುತ್ತದೆ. ಸಣ್ಣ ಸಣ್ಣದು ಕೇಳು: ತವರಿನಲ್ಲಿ ಏನಂತ ಕರೆಯುತ್ತಿದ್ದರು, ಕುಡಿಯುವ ನೀರು ಎಲ್ಲಿಂದ ಹೊರುತ್ತಿದ್ದರು, ದಿಬ್ಬಣ ಗಾಡಿಯಲ್ಲಿ ಹೋಯಿತೋ ಬಸ್ಸಿನಲ್ಲೋ. 'ಎಷ್ಟು ಮಕ್ಕಳು' ಅಂತ ಕೇಳಿದರೆ ಉಳಿದವರ ಲೆಕ್ಕ ಮಾತ್ರ ಸಿಗುತ್ತದೆ. 'ಎಷ್ಟು ಹೆತ್ತರು, ಎಷ್ಟು ಉಳಿದವು' ಅಂತ ಕೇಳು. ಹೆಸರಿಡುವ ಮುಂಚೆಯೇ ಹೋದ ಕೂಸುಗಳಿಗೂ ನಿನ್ನ ಪುಸ್ತಿಕೆಯಲ್ಲಿ ಒಂದು ಸಾಲು ಸಿಗಲಿ. ಮೆತ್ತಗೆ ಕೇಳು, ಹೇಳಲು ಮನಸ್ಸಿಲ್ಲದಿದ್ದರೆ ಬಿಟ್ಟುಬಿಡು.

ಇನ್ನು ವಯಸ್ಸು. ಆಧಾರಿನಲ್ಲಿ ಹುಟ್ಟಿದ ದಿನ ಜನವರಿ 1 ಅಂತ ಇದ್ದರೆ ನಂಬಬೇಡ. ದಾಖಲೆ ಇಲ್ಲದೆ ವರ್ಷವನ್ನಷ್ಟೇ ಹೇಳಿದವರಿಗೆ ಹಾಗೇ ಬರುತ್ತದೆ. ಹಿರಿಯರು ಸಂವತ್ಸರ ಹೇಳಿದರೆ ಅದೇ ಗಟ್ಟಿ. ಯುವ ಸಂವತ್ಸರ ಅಂದರೆ 1935ರ ಯುಗಾದಿಯಿಂದ 1936ರ ಯುಗಾದಿವರೆಗೆ. ಇಲ್ಲೇ ಬಹಳ ಜನ ಎಡವುವುದು: ಯುವ ಸಂವತ್ಸರದ ಆಷಾಢ 1935ರಲ್ಲಿ ಬಂದರೆ, ಅದೇ ಸಂವತ್ಸರದ ಮಾಘ ಬರುವುದು 1936ರಲ್ಲಿ. ತಿಂಗಳು ಗೊತ್ತಿಲ್ಲದಿದ್ದರೆ '1935–36' ಅಂತಲೇ ಬರೆ. ಆಮೇಲೆ ಊರಿಗೆಲ್ಲ ಗೊತ್ತಿದ್ದ ಘಟನೆಗಳಿಗೆ ಹೊಂದಿಸಿ ನೋಡು. ನಾಲ್ವಡಿ ಮಹಾರಾಜರು ತೀರಿಕೊಂಡದ್ದು 1940ರ ಆಗಸ್ಟ್. ಆಣೆ ಹೋಗಿ ನಯಾಪೈಸೆ ಬಂದದ್ದು 1957ರ ಏಪ್ರಿಲ್. ಆಗ ಅಜ್ಜಿ ತವರಿನಲ್ಲಿದ್ದರೋ, ಸೊಸೆಯಾಗಿ ಬಂದಿದ್ದರೋ? ಇಂದಿರಾಗಾಂಧಿ ಚಿಕ್ಕಮಗಳೂರಿನಲ್ಲಿ ನಿಂತದ್ದು 1978ರ ನವೆಂಬರ್. ಆಗ ಕೊನೆಯ ಮಗು ಎಷ್ಟು ದೊಡ್ಡದು? ಇಂಥ ಮೂರು ಕಡೆ ತಾಳೆಯಾದರೆ ವರ್ಷವನ್ನು ಧೈರ್ಯವಾಗಿ ಬರೆಯಬಹುದು.

ದಾಖಲೆ ಹುಡುಕುವಾಗ ಎರಡು ವಿಷಯ ನೆನಪಿರಲಿ. ಚೊಚ್ಚಲ ಹೆರಿಗೆ ತವರಲ್ಲಿ ಆಗುವುದು ರೂಢಿ. ನಿನ್ನ ದೊಡ್ಡಪ್ಪನ ಜನನ ಮೂಡಿಗೆರೆಯಲ್ಲಿ ಸಿಗದಿದ್ದರೆ ಆಲೂರು ಕಡೆ ನೋಡು. ಮತ್ತೆ 1947ರವರೆಗೆ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಅಂತಲೇ ಹೆಸರು. ಹಳೆಯ ಪತ್ರದಲ್ಲಿ 'ಕಡೂರು ಡಿಸ್ಟ್ರಿಕ್ಟ್' ಅಂತ ಕಂಡರೆ ಅದು ಬೇರೆ ಯಾರದೋ ಅಂತ ಬದಿಗಿಡಬೇಡ. ತವರಿನ ನೆಂಟರ ಊರು ಹೇಮಾವತಿ ಹಿನ್ನೀರಿಗೆ ಹೋಗಿದ್ದರೆ, ಗೊರೂರು ಅಣೆಕಟ್ಟಿನ ಕಾಲಕ್ಕೆ ಯಾರು ಎಲ್ಲಿಗೆ ಎದ್ದುಹೋದರು ಅನ್ನುವುದನ್ನು ಬೇರೆಯಾಗಿ ಬರೆದುಕೋ.

ವಂಶವೃಕ್ಷ ಬರೆಯುವಾಗ ನಮ್ಮ ಕಡೆ ಒಂದು ತೊಡಕು ಇದ್ದೇ ಇರುತ್ತದೆ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಂಡಿದ್ದರೆ ಒಬ್ಬರೇ ಎರಡು ಕಡೆ ಬರುತ್ತಾರೆ, ನೋಡಿದವರು ಇಬ್ಬರು ಅಂದುಕೊಳ್ಳುತ್ತಾರೆ. ಅದರ ಮೇಲೆ ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೂ ಇಟ್ಟಿರುತ್ತಾರೆ. ಪ್ರತಿಯೊಬ್ಬರಿಗೂ ಒಂದು ನಂಬರು ಕೊಡು, ಎರಡನೇ ಜಾಗದಲ್ಲಿ ಹೆಸರಿನ ಬದಲು ನಂಬರು ಹಾಕು. ಹೆಣ್ಣುಮಕ್ಕಳನ್ನು 'ಕೊಟ್ಟ ಮನೆ'ಗೆ ನಿಲ್ಲಿಸದೆ ಅವರ ಮಕ್ಕಳು, ಮೊಮ್ಮಕ್ಕಳನ್ನೂ ಬರೆ. ಅರ್ಧ ಬಳಗ ಅಲ್ಲೇ ಇದೆ. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ದೃಢೀಕರಣ ಪೌತಿ ಖಾತೆಯಂಥ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ) ಕೆಲಸಕ್ಕೆ ಬೇಕಾದದ್ದು, ಪುಸ್ತಿಕೆಗೆ ಅದು ಸಾಲದು. ಅಂದಹಾಗೆ, ಮರಣ ನೋಂದಣಿ 21 ದಿನದೊಳಗೆ ಆಗಲಿ. ಹೆಸರಿನ ಅಕ್ಷರ ಆಧಾರ್, ಪಹಣಿ ಎರಡಕ್ಕೂ ಹೊಂದುತ್ತದೆಯೇ ಅಂತಲೂ ನೋಡು.

ಗೋಡೆಯ ಮೇಲಿನ ಮದುವೆ ಫೋಟೋ ಮಲೆನಾಡಿನ ಶೀತಕ್ಕೆ ಗಾಜಿಗೆ ಅಂಟಿರಬಹುದು. ಕೀಳಲು ಹೋದರೆ ಮುಖವೇ ಗಾಜಿನ ಜೊತೆ ಎದ್ದುಬರುತ್ತದೆ. ಗಾಜಿನ ಮೇಲಿಂದಲೇ, ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ಇಟ್ಟು, ಫ್ಲ್ಯಾಶ್ ಇಲ್ಲದೆ ತೆಗೆ. ಬಿಡಿ ಫೋಟೋಗಳ ಬೆನ್ನನ್ನೂ ತೆಗೆ, ಸ್ಟುಡಿಯೋ ಮೊಹರು, ಊರು ಅಲ್ಲೇ ಇರುತ್ತದೆ. ತೇವ ಇರುವಾಗ ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಬೂಷ್ಟು ಹಿಡಿಯುವುದು ಖಂಡಿತ.

ಅಜ್ಜಿ ಮಾಡುತ್ತಿದ್ದ ಕಡುಬನ್ನೂ ಪುಸ್ತಿಕೆಯಲ್ಲಿ ಬರೆಯಲು ಮರೆಯಬೇಡ. 'ಒಂದು ಪಾವು' ಅಂತ ಬರೆದರೆ ಮೊಮ್ಮಕ್ಕಳಿಗೆ ತಿಳಿಯದು. ಅಜ್ಜಿ ಬಳಸುತ್ತಿದ್ದ ಆ ಪಾವನ್ನೇ ಹುಡುಕಿ, ನೀರು ತುಂಬಿ ತೂಗು; ಎಷ್ಟು ಗ್ರಾಂ ನೀರೋ ಅಷ್ಟು ಮಿಲಿಲೀಟರ್. ಆ ಪಾವಿನಲ್ಲಿ ಒಂದು ಅಳತೆ ಅಕ್ಕಿತರಿಗೆ ಸುಮಾರು ಎರಡು ಅಳತೆ ನೀರು, ಉಪ್ಪು. ನೀರು ಮರಳುವಾಗ ತರಿ ಸುರಿಯುತ್ತಾ ತಿರುವಿ, ಸಣ್ಣ ಉರಿಯಲ್ಲಿ ಮುಚ್ಚಿಟ್ಟು, ನೀರು ಇಂಗಿದ ಮೇಲೆ ಬಿಸಿ ಇರುವಾಗಲೇ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ, ಹಬೆಯಲ್ಲಿ 15–20 ನಿಮಿಷ. ತರಿ ನುಣ್ಣಗಾದರೆ ಅಂಟಾಗುತ್ತದೆ, ಆರಿದ ಮೇಲೆ ಕಟ್ಟಿದರೆ ಬಿರಿಯುತ್ತದೆ. ಅಜ್ಜಿ ತರಿಯನ್ನು ಎಷ್ಟು ದಪ್ಪ ಒಡೆಯುತ್ತಿದ್ದರು ಅನ್ನುವುದು ನಿನ್ನ ದೊಡ್ಡಮ್ಮನಿಗೆ ಗೊತ್ತಿರುತ್ತದೆ. ಅವರಿಂದ ಒಂದು ಸಲ ಮಾಡಿಸಿ, ಪಕ್ಕದಲ್ಲಿ ನಿಂತು ಬರೆದುಕೋ.

ಅಚ್ಚಿಗೆ ಕೊಡುವ ಮುಂಚೆ ದಪ್ಪ ಅಕ್ಷರದಲ್ಲಿ, ಅಂಚಿನಲ್ಲಿ ಧಾರಾಳ ಜಾಗ ಬಿಟ್ಟು ಪ್ರತಿ ತೆಗೆಸಿ ಅತ್ತೆಯಂದಿರಿಗೆ, ಚಿಕ್ಕಜ್ಜಿಗೆ ಕೊಡು. ಇಬ್ಬರು ಎರಡು ರೀತಿ ಹೇಳಿದರೆ ಎರಡನ್ನೂ, ಹೇಳಿದವರ ಹೆಸರಿನೊಂದಿಗೆ ಬರೆ. ತಿಥಿಗೆ ಒಂದು ತಿಂಗಳು ಮೊದಲಾದರೂ ಅದು ಅವರ ಕೈ ಸೇರಲಿ.

ನಿನ್ನ ಗೆಳೆಯ